ನಡುಗುವ ಕೈಯ ಅಳತೆ



ಹಿರಿಯರ ಕೈ ನಡುಗಿದರೆ ‘ವಾಯು’ ಎಂದು ಹೇಳಿ ಸುಮ್ಮನಾಗುವುದು ನಮ್ಮ ಕಡೆಯ ರೂಢಿ. ಈ ಮಾತಿಗೂ ದೀರ್ಘ ಇತಿಹಾಸವಿದೆ. ಸುಮಾರು 7-8ನೇ ಶತಮಾನದ ‘ಮಾಧವನಿದಾನ’ವು ಮೈ, ತಲೆಗಳ ನಡುಕವನ್ನು ‘ವೇಪಥು’ ಎಂದು ಕರೆದು ವಾತರೋಗಗಳಲ್ಲಿ ಸೇರಿಸಿದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಆರು ಮಂದಿಯ ನಡುಕವನ್ನು ಕುರಿತು ಕಿರುಹೊತ್ತಗೆ ಬರೆದನು. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಆದರೂ ಬರವಣಿಗೆ ಕೆಡುವುದು, ತುತ್ತು ಬಾಯಿಗೆ ಸೇರದಿರುವುದು ಅದರಲ್ಲಿ ದಾಖಲಾಗಿವೆ.

ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಕಾಣುವ ನಡುಕ ಪಾರ್ಕಿನ್‌ಸನ್ ರೋಗದ ಗುರುತು. ಲೋಟ ಎತ್ತಿದಾಗ, ಪೆನ್ನು ಹಿಡಿದಾಗ ಏಳುವ ನಡುಕ ಬಹುಮಟ್ಟಿಗೆ ಬೇರೆಯದು. ಎಷ್ಟೋ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಹೆದರುವವರೇ ಹೆಚ್ಚು.

ಈ ಚರಿತ್ರೆಯಲ್ಲಿ ನಮಗೆ ಪರಿಚಿತವಾದ ಬಳ್ಳಿಯೊಂದಿದೆ: ನಸುಗುನ್ನಿ. (ಅದರ ತುರಿಕೆಯನ್ನು ಬಲ್ಲ ಕೆಲವರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿದ್ದರು!) 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದರ ಬೀಜದಿಂದ ‘ಎಲ್-ಡೋಪಾ’ವನ್ನು ಬೇರ್ಪಡಿಸಿದರು. ಆಗ ಕೊಳ್ಳೇಗಾಲ, ಹನೂರುಗಳು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1960ರ ದಶಕದ ಕೊನೆಗೆ ಅದೇ ವಸ್ತು ಪಾರ್ಕಿನ್‌ಸನ್ ರೋಗದ ಮುಖ್ಯ ಔಷಧವಾಯಿತು. ಲೋಟ ಎತ್ತುವಾಗಿನ ನಡುಕಕ್ಕೆ ಅದು ಮದ್ದಲ್ಲ. ಯಾರೂ ಬೀಜ ಹುಡುಕಿಕೊಂಡು ಹೊರಡಬೇಡಿ.

ನಡುಕವನ್ನು ಅಳೆಯುವುದು ಹೇಗೆ? 1980ರ ದಶಕದಲ್ಲಿ ಫಾನ್, ಟೊಲೊಸಾ, ಮರಿನ್ ಎಂಬ ವೈದ್ಯರು ರೂಪಿಸಿದ ಮಾಪನದಲ್ಲಿ 0ಯಿಂದ 4ರವರೆಗೆ ಅಂಕಗಳಿವೆ. ಸುರುಳಿ ಬರೆಸುತ್ತಾರೆ, ಒಂದು ಸಾಲು ಬರೆಸುತ್ತಾರೆ, ಲೋಟದಿಂದ ಲೋಟಕ್ಕೆ ನೀರು ಸುರಿಸುತ್ತಾರೆ. ನೀರು ಚೆಲ್ಲದಿದ್ದರೂ, ಚೆಲ್ಲದಂತೆ ಎಚ್ಚರ ವಹಿಸಬೇಕಾಯಿತೆಂದರೆ 1. ಸ್ವಲ್ಪ ಚೆಲ್ಲಿದರೆ 2. ಆಮೇಲೆ ಉಣ್ಣುವುದು, ಉಡುವುದು, ಬರೆಯುವುದು, ದುಡಿಯುವುದು ಇವಕ್ಕೆ ಪ್ರತ್ಯೇಕ ಅಂಕ. ನನ್ನ ಮಟ್ಟಿಗೆ ಈ ಕೊನೆಯ ಭಾಗವೇ ಮುಖ್ಯ. ಕೊಳ್ಳೇಗಾಲದ ರೇಷ್ಮೆ ಬಿಚ್ಚಾಣಿಕೆಯಲ್ಲಿ ಗೂಡಿನ ಎಳೆ ಹಿಡಿಯಬೇಕಾದ ಕೈಗೆ 1 ಎಂಬುದೇ ಅನ್ನದ ಪ್ರಶ್ನೆ. ಗುದ್ದಲಿ ಹಿಡಿದ ಕೈಗೆ ಅದು ಲೆಕ್ಕಕ್ಕೇ ಬಾರದು.

ಪಿಂಚಣಿದಾರನ ಕಷ್ಟ ಸಹಿಯಲ್ಲಿ. ಬ್ಯಾಂಕೊಂದರಲ್ಲಿ ನನ್ನ ಸಹಿ ಹೊಂದುವುದಿಲ್ಲವೆಂದು ಮೂರು ಬಾರಿ ಮಾಡಿಸಿ, ಕೊನೆಗೆ ಹೆಬ್ಬೆಟ್ಟು ಒತ್ತಲು ಹೇಳಿದರು. ಮೂವತ್ತು ವರ್ಷ ಕಾಪಿ ಬರೆಸಿದ ಕೈಗೆ ಶಾಯಿ ಬಳಿದುಕೊಂಡೆ.

ನರರೋಗ ತಜ್ಞರು ನನ್ನದು ಎರಡನೆಯ ಬಗೆಯ ನಡುಕವೆಂದಿದ್ದಾರೆ. ನೀರು ಸುರಿಯುವುದರಲ್ಲಿ 2, ಬರವಣಿಗೆಯಲ್ಲಿ 3. ಮನೆಗೆ ಬಂದಾಗ ನಾನು ಎರಡೂ ಕೈಯಲ್ಲಿ ಲೋಟ ಹಿಡಿದರೆ ಗಾಬರಿಯಾಗದಿರಿ. ಕಾಫಿಯನ್ನು ಮಾತ್ರ ಅರ್ಧ ಲೋಟ ಕೊಡಿ.