ಬಾಸಮತಿಯ ರೋಗನಿರೋಧ ಶಕ್ತಿ : ಒಂದು ಐತಿಹಾಸಿಕ ವಿವೇಚನೆ

ಬಾಸಮತಿ ಭತ್ತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಸುವಾಸನೆಯಿಂದ ಆರಂಭಿಸಿ ವಿದೇಶ ವ್ಯಾಪಾರದಲ್ಲಿ ಮುಗಿಸುತ್ತಾರೆ. 1766ರಲ್ಲಿ ವಾರಿಸ್ ಷಾಹನು ರಚಿಸಿದ ಪಂಜಾಬಿ ಕಾವ್ಯ ‘ಹೀರ್’ನಲ್ಲಿ ಈ ಅಕ್ಕಿಯ ಹೆಸರು ಬಂದಿರುವುದನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಈ ಭತ್ತಕ್ಕೆ ತಗುಲಿದ ರೋಗಗಳೂ ಅವುಗಳಿಂದ ಅದನ್ನು ಉಳಿಸಿಕೊಂಡ ಬಗೆಯೂ ಅದೇ ಇತಿಹಾಸದ ಅಂಗಗಳಾಗಿದ್ದರೂ ಅವಕ್ಕೆ ದೊರೆತ ಗಮನ ಅತ್ಯಲ್ಪ. ಪ್ರಕೃತ ಲೇಖನದಲ್ಲಿ ನಾವು ಮುಖ್ಯವಾಗಿ ದುಂಡಾಣು ಅಂಗಮಾರಿ ರೋಗವನ್ನು ತೆಗೆದುಕೊಂಡು, ಅದನ್ನು ತಡೆಯುವ ಶಕ್ತಿ ಬಾಸಮತಿಗೆ ಎಲ್ಲಿಂದ ಬಂದಿತೆಂಬುದನ್ನು ಪರಿಶೀಲಿಸುತ್ತೇವೆ.

ಅವಿಭಕ್ತ ಪಂಜಾಬಿನ ಕಾಲಾ ಷಾ ಕಾಕು ಕೇಂದ್ರದಿಂದ 1933ರಲ್ಲಿ ಬಿಡುಗಡೆಯಾದ ಬಾಸಮತಿ 370 ಸಂಕರ ತಳಿಯಲ್ಲ. ರೈತರ ಬೀಜದಿಂದಲೇ ಆರಿಸಿ ಶುದ್ಧಗೊಳಿಸಿದುದು. ಪೈರು ಎತ್ತರ, ಬೇಗನೆ ನೆಲಕ್ಕೊರಗುವುದು, ಇಳುವರಿಯೂ ಕಡಮೆ. ಈ ಕೊರತೆಗಳನ್ನು ನೀಗಿದ ಮೊದಲ ಗಿಡ್ಡ ಬಾಸಮತಿಯೆಂದರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಿಂದ 1989ರಲ್ಲಿ ಹೊರಬಂದ ಪೂಸಾ ಬಾಸಮತಿ 1. ಆದರೆ ಅದೂ ಅಂಗಮಾರಿಗೆ ಸುಲಭವಾಗಿ ತುತ್ತಾಗುತ್ತಿತ್ತು. 1963ರಲ್ಲಿ ಬಿಹಾರವನ್ನೂ 1979–80ರಲ್ಲಿ ಪಂಜಾಬ್ ಹರಿಯಾಣಗಳನ್ನೂ ಪೀಡಿಸಿದ ಈ ರೋಗದಲ್ಲಿ ಎಲೆಗಳು ತುದಿಯಿಂದಲೂ ಅಂಚಿನಿಂದಲೂ ಒಣಗುತ್ತ ಬಂದು ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಗದ್ದೆಗೆ ಸಿಂಪಡಿಸಿ ನೆಚ್ಚಿಕೊಳ್ಳಬಹುದಾದ ಔಷಧ ಇದಕ್ಕಿಲ್ಲ. ಆದುದರಿಂದ ರಕ್ಷಣೆ ಬೀಜದಲ್ಲಿಯೇ ಇರಬೇಕಾಯಿತು.

ಆ ರಕ್ಷಣೆ ದೊರೆತುದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಒಂದು ಕಾಡುಭತ್ತದಲ್ಲಿ. ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಎಸ್. ದೇವದತ್ತರು ಅದಕ್ಕೆ ಅಂಗಮಾರಿ ತಗುಲುವುದಿಲ್ಲವೆಂಬುದನ್ನು ಕಂಡು, ನಮ್ಮ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1983ರಲ್ಲಿ ವರದಿ ಮಾಡಿದರು. ಅವರು ಅದನ್ನು ಒರೈಜಾ ಬಾರ್ತಿಯೈ ಎಂದು ಕರೆದರು. ಇಂದಿನ ಗ್ರಂಥಗಳಲ್ಲಿ ಅದರ ಹೆಸರು ಒರೈಜಾ ಲಾಂಗಿಸ್ಟಾಮಿನಾಟ. ಈ ಹೆಸರುಗಳ ಗೊಂದಲದಿಂದ ಹಳೆಯ ಬರಹ ಹೊಸಬರ ಕಣ್ಣಿಗೆ ಬೀಳದೆ ಹೋಗುವ ಸಂಭವವುಂಟು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಕಾಡುಭತ್ತದ ಆ ಗುಣವನ್ನು ಬೇಸಾಯದ ಭತ್ತಕ್ಕೆ ತಂದು, ಅದರ ವಂಶವಾಹಿಗೆ ಎಕ್ಸ್‌ಎ 21 ಎಂದು 1990ರಲ್ಲಿ ಹೆಸರಿಟ್ಟರು.

ಇನ್ನು ಅದನ್ನು ಬಾಸಮತಿಗೆ ಸೇರಿಸುವ ಕೆಲಸ. ಒಂದೇ ವಂಶವಾಹಿಯನ್ನು ನಂಬಿದರೆ ರೋಗಾಣು ಬೇಗನೆ ದಾರಿ ಕಂಡುಕೊಳ್ಳುವುದೆಂಬ ಎಚ್ಚರದಿಂದ ಪೂಸಾದ ವಿಜ್ಞಾನಿಗಳು ಅದರೊಡನೆ ಭಾರತದ ಬಿ.ಜೆ. 1 ತಳಿಯಿಂದ ಬಂದ ಎಕ್ಸ್‌ಎ 13 ಎಂಬುದನ್ನೂ ಆರಿಸಿಕೊಂಡರು. ತೊಡಕು ಆರಂಭವಾದುದು ಇಲ್ಲಿಯೇ. ಎಕ್ಸ್‌ಎ 13 ತಂದೆತಾಯಿಗಳೆರಡರಿಂದಲೂ ಬಂದಲ್ಲದೆ ತನ್ನ ಗುಣವನ್ನು ತೋರದು. ಜೊತೆಯಲ್ಲಿ ಎಕ್ಸ್‌ಎ 21 ಇದ್ದರಂತೂ ಎಲೆಗೆ ರೋಗಾಣುವನ್ನು ತಗುಲಿಸಿ ನೋಡಿದ ಮಾತ್ರಕ್ಕೆ ಇನ್ನೊಂದು ಇದೆಯೋ ಇಲ್ಲವೋ ತಿಳಿಯದು. ಬಾಸಮತಿಯ ಪರಿಮಳವೂ ಇಂತಹುದೇ. ಎಂಟನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ ಕೆಟ್ಟು ನಿಂತಿರುವುದರಿಂದಲೇ ಆ ಸುವಾಸನೆ ಉಂಟಾಗುವುದು. ಕೆಡುಕಿನಿಂದ ಒಳಿತಾದುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನಮಗೆ ತಿಳಿದಿಲ್ಲ. ಎಕ್ಸ್‌ಎ 13ರ ಸ್ಥಾನವೂ ಅದೇ ಎಂಟನೆಯ ವರ್ಣತಂತು. ಆದಕಾರಣ ರೋಗನಿರೋಧವನ್ನು ತರುವಾಗ ಅದರ ಬೆನ್ನಿಗೆ ದಾನಿಯ ಪರಿಮಳವಿಲ್ಲದ ತುಣುಕೂ ಬರುವ ಭಯವಿತ್ತು. ರೋಗ ನೀಗಿ ಪರಿಮಳ ಹೋದರೆ ಬಾಸಮತಿಯೆಂಬ ಹೆಸರಿಗೆ ಅರ್ಥವೇನು? ಇದರ ಪರಿಹಾರಕ್ಕಾಗಿ ಸಂತತಿಯನ್ನು ಮತ್ತೆ ಮತ್ತೆ ಪೂಸಾ ಬಾಸಮತಿ 1ರೊಡನೆಯೇ ಕೂಡಿಸಿ, ಪ್ರತಿ ಪೀಳಿಗೆಯಲ್ಲೂ ವಂಶವಾಹಿಗಳ ನೆರೆಯ ಗುರುತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಬೇಕಾದ ಸಸಿಗಳನ್ನು ಮಾತ್ರ ಉಳಿಸಿಕೊಂಡರು. 2007ರಲ್ಲಿ ಬಿಡುಗಡೆಯಾದ ಸುಧಾರಿತ ಪೂಸಾ ಬಾಸಮತಿ 1 ಇದರ ಫಲ. ಎತ್ತರದ ಹಳೆಯ ತಳಿಯಾದ ಬಾಸಮತಿ 386ಕ್ಕೆ ಇವೇ ಎರಡು ವಂಶವಾಹಿಗಳನ್ನು ಸೇರಿಸಿ ಲೂಧಿಯಾನದ ಕೃಷಿ ವಿಶ್ವವಿದ್ಯಾನಿಲಯವು 2013ರಲ್ಲಿ ಪಂಜಾಬ್ ಬಾಸಮತಿ 3ನ್ನು ಹೊರತಂದಿತು.

ಇಲ್ಲಿ ಮಾಲಿಯ ಪಾಲನ್ನು ಕುರಿತು ಒಂದು ಮಾತು. ಎಕ್ಸ್‌ಎ 21ನ್ನು 1995ರಲ್ಲಿ ಬೇರ್ಪಡಿಸಿ ತೋರಿಸಿದುದು ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯದಲ್ಲಿ ಪಮೇಲಾ ರೊನಾಲ್ಡರ ತಂಡ. ಆ ವಿಶ್ವವಿದ್ಯಾನಿಲಯ ಅದಕ್ಕೆ ಪೇಟೆಂಟನ್ನು ಪಡೆಯಿತು. ಮೂಲ ದೇಶಕ್ಕೆ ಪಾಲು ಸಲ್ಲಲೆಂದು 1996ರಲ್ಲಿ ಒಂದು ನಿಧಿಯನ್ನೂ ಏರ್ಪಡಿಸಿತು. ಆದರೆ ಕಂಪೆನಿಗಳಿಂದ ಮಾರಾಟದ ತಳಿಗಳು ಬಾರದೆ ನಿರೀಕ್ಷಿಸಿದ ಹಣ ಅದಕ್ಕೆ ಕೂಡಲಿಲ್ಲ. ಸಾಂಪ್ರದಾಯಿಕ ಸಂಕರಣದಿಂದ ಬಂದ ಪೂಸಾದ ತಳಿಯಾದರೋ ಆ ಪೇಟೆಂಟನ್ನು ಅವಲಂಬಿಸಿದುದಲ್ಲ. ಆದರೂ ಬಾಸಮತಿಯನ್ನು ಕೇವಲ ಹಿಮಾಲಯದ ತಪ್ಪಲಿನ ವರವೆಂದು ಬಣ್ಣಿಸುವವರು ಮಾಲಿಯ ಹುಲ್ಲನ್ನು ಮರೆಯುವುದು ನಮ್ಮ ದೃಷ್ಟಿಯಲ್ಲಿ ನ್ಯಾಯವಲ್ಲ.

ಬೆಂಕಿರೋಗದ ಕಥೆ ಬೇರೆ. ಅದಕ್ಕೆ ಟ್ರೈಸೈಕ್ಲಜೋಲ್ ಎಂಬ ಔಷಧವಿತ್ತು. ಯೂರೋಪಿನ ಒಕ್ಕೂಟವು ಅಕ್ಕಿಯಲ್ಲಿ ಅದರ ಉಳಿಕೆಯ ಮಿತಿಯನ್ನು ಕಿಲೋಗ್ರಾಮಿಗೆ 1 ಮಿಲಿಗ್ರಾಮಿನಿಂದ 0.01ಕ್ಕೆ ಇಳಿಸಿದುದರಿಂದ, 2018ರ ಹೊತ್ತಿಗೆ ಔಷಧವನ್ನು ನೆಚ್ಚಿದ್ದ ರೈತನ ಅಕ್ಕಿಗೆ ಆ ಮಾರುಕಟ್ಟೆಯ ಬಾಗಿಲು ಮುಚ್ಚುವಂತಾಯಿತು. 2021ರಲ್ಲಿ ಬಿಡುಗಡೆಯಾದ ಪೂಸಾ ಬಾಸಮತಿ 1847, 1885 ಮತ್ತು 1886 ಎಂಬ ಮೂರು ತಳಿಗಳಲ್ಲಿ ಅಂಗಮಾರಿಯ ಎರಡು ವಂಶವಾಹಿಗಳೊಡನೆ ಬೆಂಕಿರೋಗವನ್ನು ತಡೆಯುವ ಎರಡು ಸೇರಿವೆ. ಅವುಗಳಲ್ಲೊಂದು ವಿಯೆಟ್ನಾಮಿನ ಟೆಟೆಪ್ ತಳಿಯಿಂದ ಬಂದುದು. ಬುಡ ಕೊಳೆಯಿಸುವ ಬಕಾನೆ ರೋಗಕ್ಕೆ ಮಾತ್ರ ರೈತರು ಇಂದಿಗೂ ಬಿತ್ತನೆಗೆ ಮುನ್ನ ಬೀಜೋಪಚಾರ ಮಾಡುತ್ತಿದ್ದಾರೆ.