ವೀರಗಲ್ಲಿನ ಅಡ್ಡಪಟ್ಟಿ, ಮಾಂಗಾದ ಖಾಲಿ ಸಂದು

ಚಿತ್ರಕಥೆಯ ಚರಿತ್ರೆ ಬರೆಯುವವರು ವೀರಗಲ್ಲನ್ನು ಮಾಂಗಾದ ಮುತ್ತಜ್ಜನೆಂದು ಕರೆದು ಮುಂದೆ ಸಾಗುವುದು ರೂಢಿಯಾಗಿಬಿಟ್ಟಿದೆ. ಜಡೆ, ಸೊರಬ, ಶಿಕಾರಿಪುರದ ಕಡೆಯ ಮೂರು ಹಂತದ ಕಲ್ಲುಗಳನ್ನು ನೋಡಿದರೆ ಮಾತು ಸರಿಯೆನಿಸುತ್ತದೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಆದರೆ ಹೀಗೆನ್ನುವವರು ಚಿತ್ರಗಳನ್ನು ಎಣಿಸಿದರೇ ಹೊರತು ಅವುಗಳ ನಡುವೆ ಏನಿದೆಯೆಂದು ನೋಡಲಿಲ್ಲ. ಶಾಸನವುಳ್ಳ ಕಲ್ಲುಗಳಲ್ಲಿ ಅಕ್ಷರ ಸಾಮಾನ್ಯವಾಗಿ ಹಂತಗಳ ನಡುವಿನ ಅಡ್ಡಪಟ್ಟಿಯ ಮೇಲಿರುತ್ತದೆ. ಆಳುವ ದೊರೆ, ತಿಥಿ, ತುರುಗಾಳಗ, ಸತ್ತವನ ಹೆಸರು ಎಲ್ಲವೂ ಅಲ್ಲೇ. ಬಿ.ಎಲ್. ರೈಸ್ 1902 ಮತ್ತು 1904ರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಿಕಾರಿಪುರ, ಸೊರಬದ ಪಾಠಗಳನ್ನು ಅಚ್ಚುಹಾಕಿಸಿದಾಗ ಈ ಬರಹ ಚಿತ್ರದಿಂದ ಬೇರೆಯಾಯಿತು. (ರೈಸರ ಉಪಕಾರ ದೊಡ್ಡದು, ನನ್ನ ತಕರಾರು ಸಂಪುಟ ಓದಿ ಕಲ್ಲು ನೋಡದವರ ಮೇಲೆ.) ಸಾವಿಗೂ ಸ್ವರ್ಗಕ್ಕೂ ನಡುವಿನ ಸಂದನ್ನು ಅಕ್ಷರ ಮುಚ್ಚಿದೆ. ವೀರ ಅಳುಕಿದನೇ ಎಂದು ಕೇಳಲು ಅಲ್ಲಿ ಎಡೆಯಿಲ್ಲ; ಸ್ಮಾರಕಕ್ಕೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ.

ಮಾಂಗಾದಲ್ಲಿ ಚೌಕಗಳ ನಡುವಿನ ಸಂದು ಸಾಮಾನ್ಯವಾಗಿ ಖಾಲಿ, ಮನೋವೈಜ್ಞಾನಿಕ ಕಾದಂಬರಿಗೆ ಬೇಕಾದ ಅಳುಕು ಅಲ್ಲೇ ನೆಲೆಸಬೇಕು. ಈ ಚರ್ಚೆಯಲ್ಲಿ ನಿಜವಾಗಿ ತೂಗಬೇಕಾದ ಸಾಕ್ಷ್ಯ ಒಸಾಮು ತೆಜುಕಾ 1953ರಲ್ಲಿ ಮಾಂಗಾ ಮಾಡಿದ ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ಮುಕ್ತಾಯ. 1866ರ ಕಾದಂಬರಿಯಲ್ಲಿ ರಾಸ್ಕೊಲ್ನಿಕೊವ್ ಸೋನ್ಯಾ ಹೇಳಿದಂತೆ ಊರಿನ ಚೌಕದಲ್ಲಿ ಮಂಡಿಯೂರಿ ನೆಲಕ್ಕೆ ಮುತ್ತಿಡುತ್ತಾನೆ. ಜನ ಕುಡುಕನೆಂದು ನಗುತ್ತಾರೆ, ‘ನಾನು ಕೊಂದೆ’ ಎಂಬ ಮಾತು ಗಂಟಲಲ್ಲೇ ಉಳಿಯುತ್ತದೆ. ತಪ್ಪೊಪ್ಪಿಗೆ ಆಮೇಲೆ ಪೊಲೀಸ್ ಠಾಣೆಯಲ್ಲಿ, ಕೊನೆಗೆ ಸೈಬೀರಿಯಾ. ತೆಜುಕಾ ಠಾಣೆಯನ್ನೂ ಸೈಬೀರಿಯಾವನ್ನೂ ಬಿಟ್ಟರು. ಅವರ ನಾಯಕ ಬೀದಿಯಲ್ಲೇ ಕೂಗಿ ಒಪ್ಪಿಕೊಳ್ಳುತ್ತಾನೆ, ದಂಗೆಯ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಇದನ್ನು ಮಕ್ಕಳಿಗಾಗಿ ಮಾಡಿದ ಸಂಕ್ಷೇಪವೆಂದು ತಳ್ಳಿಹಾಕುವುದು ಸೋಮಾರಿ ಓದು. ಮಕ್ಕಳಿಗೆ ಬರೆಯುವವನು ಅಪರಾಧಿಗೆ ಶಿಕ್ಷೆ ಕೊಟ್ಟು ಪುಸ್ತಕ ಮುಗಿಸುತ್ತಿದ್ದ. ಇಲ್ಲಿ ಶಿಕ್ಷೆ ಕೊಡುವವರೇ ಇಲ್ಲ. ಗಂಟಲಲ್ಲಿ ಉಳಿದ ಮಾತನ್ನು ಗದ್ಯ ವರ್ಣಿಸಬಲ್ಲದು, ಚಿತ್ರಕ್ಕೆ ಅದು ಬರೀ ಮುಚ್ಚಿದ ಬಾಯಿ. ಕೂಗಿದರೂ ಕೇಳಿಸದ ಮಾತನ್ನಾದರೆ ಬರೆದು ತೋರಿಸಬಹುದು. ಅಪಮಾನ ಹಾಗೇ ಉಳಿದಿದೆ, ಅದರ ಜಾಗವಷ್ಟೇ ಒಳಗಿನಿಂದ ಹೊರಗೆ ಬಂದಿದೆ.

ಇದು ರಂಗಭೂಮಿಯ ಉಪಾಯವಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ. ತೆಜುಕಾ ವಿದ್ಯಾರ್ಥಿಯಾಗಿದ್ದಾಗ ಇದೇ ಕಾದಂಬರಿಯ ನಾಟಕದಲ್ಲಿ ಪಾತ್ರ ಮಾಡಿದ್ದರು. ಆದರೆ ರಂಗದಲ್ಲಿ ಕೂಗು ಪ್ರೇಕ್ಷಕನ ಕಿವಿಗೆ ಬಿದ್ದೇ ಬೀಳುತ್ತದೆ. ಪುಟದ ಮೇಲೆ ಅದು ಓದಲು ಸಿಗುವ ಅಕ್ಷರ, ಜನರಿಗೆ ಇಲ್ಲದ ಸದ್ದು, ಓದುಗನೊಬ್ಬನೇ ಸಾಕ್ಷಿ. ಜುಂಜಿ ಇಟೊ 2017ರಲ್ಲಿ ಒಸಾಮು ದಝಾಯ್ ಅವರ ಕಾದಂಬರಿಯನ್ನು ಮಾಂಗಾಕ್ಕೆ ತಂದಾಗ ನಾಯಕನ ಪಾಪಭೀತಿಗೆ ದೆವ್ವಗಳನ್ನೇ ಬರೆದರು. ಭಯವೇನೋ ಹುಟ್ಟುತ್ತದೆ, ಆದರೆ ಸಂದು ಮತ್ತೆ ಮುಚ್ಚಿಹೋಗುತ್ತದೆ. ಆ ಮಟ್ಟಿಗೆ ಇಟೊ, ಅವರ ಅಭಿಮಾನಿಗಳು ಕ್ಷಮಿಸಲಿ, ವೀರಗಲ್ಲಿಗೆ ಹತ್ತಿರ.

ಸೊರಬ, ಶಿಕಾರಿಪುರಗಳಿರುವ ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರ ‘ಸಂಸ್ಕಾರ’ (1965) ಮಾಂಗಾಕ್ಕೆ ಒಗ್ಗದೆಂಬವರಿಗೂ ಇಲ್ಲೇ ಉತ್ತರವಿದೆ. ಪ್ರಾಣೇಶಾಚಾರ್ಯರ ತಪ್ಪೊಪ್ಪಿಗೆ ಆ ಕಾದಂಬರಿಯಲ್ಲಿ ನಡೆಯುವುದೇ ಇಲ್ಲ. ದೂರ್ವಾಸಪುರದ ದಾರಿಯಲ್ಲಿ, ಗಾಡಿಯಲ್ಲಿ, ತಳಮಳದಲ್ಲಿ ಕಥೆ ನಿಲ್ಲುತ್ತದೆ. 1970ರ ಪಟ್ಟಾಭಿರಾಮ ರೆಡ್ಡಿಯವರ ಚಲನಚಿತ್ರಕ್ಕೆ ಗಿರೀಶ ಕಾರ್ನಾಡರ ಮುಖವಿತ್ತು, ಆ ಮುಖ ಎಷ್ಟು ಹೊತ್ತು ಕಾಣಬೇಕೆಂದು ನಿರ್ದೇಶಕನೇ ಗೊತ್ತುಮಾಡಿದ. ಮಾಂಗಾಕಾರ ಗಾಡಿಯ ಚೌಕವೊಂದನ್ನು ಬರೆದು ಮುಂದಿನ ಚೌಕವನ್ನು ಬರೆಯದೆ ಬಿಟ್ಟರೆ ಸಾಕು.