ಸೊಲ್ಲಾಪುರದ ಡಾಕ್ಟರು

ನಮ್ಮ ಕಡೆಯವರಿಗೆ ಸೊಲ್ಲಾಪುರ ಅಂದ್ರೆ ಚಾದರ. ಚಿಕ್ಕಂದಿನಲ್ಲಿ ನಾನು ಹೊದ್ದು ಮಲಗಿದ್ದೂ ಅದನ್ನೇ. ಚೀನಾದ ಯುದ್ಧಭೂಮಿಯಲ್ಲಿ ದುಡಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅದೇ ಊರಿನವರು ಅಂತ ಗೊತ್ತಾಗಿದ್ದು ಮಾತ್ರ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ.

1937ರಲ್ಲಿ ಜಪಾನ್ ಚೀನಾದ ಮೇಲೆ ಬಿತ್ತು. ಅಲ್ಲಿನ ಸೇನಾನಿ ಝು ದೆ, ಡಾಕ್ಟರುಗಳನ್ನು ಕಳಿಸಿ ಅಂತ ನೆಹರೂಗೆ ಕಾಗದ ಬರೆದರು. ಮರುವರ್ಷ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸ್ ಜನರ ಮುಂದೆ ಕೈಚಾಚಿದರು. ಕೂಡಿದ್ದು ಸುಮಾರು 22 ಸಾವಿರ ರೂಪಾಯಿ. ಆಗ ನಾವೇ ಬ್ರಿಟಿಷರ ಕೈಕೆಳಗಿದ್ದೆವು, ನೆನಪಿರಲಿ. ಸರ್ಕಾರದ ನೆರವಲ್ಲ ಇದು, ಜನ ಕೊಟ್ಟ ದುಡ್ಡು. ಒಂದು ಆಂಬುಲೆನ್ಸ್ ಜೊತೆ ಐದು ಜನ ಹೊರಟರು: ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್. ಅಟಲ್ ಅಂತೂ ಸ್ಪೇನಿನ ಅಂತರ್ಯುದ್ಧದಲ್ಲಿ ದುಡಿದು ಬಂದವರು. ಕೋಟ್ನಿಸ್‌ಗೆ ಇನ್ನೂ 28 ತುಂಬಿರಲಿಲ್ಲ.

ನಾಲ್ವರು ವಾಪಸಾದರು, ಇವರು ಉಳಿದರು. ಉತ್ತರ ಚೀನಾದ ಬೆಟ್ಟಗಳಲ್ಲಿ ಗಾಯಾಳುಗಳ ಆಪರೇಷನ್. 1941ರಲ್ಲಿ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. (ಬೆಥೂನ್ ಕೆನಡಾದ ಸರ್ಜನ್, ಆಪರೇಷನ್ ಮಾಡುವಾಗ ಬೆರಳಿಗಾದ ಗಾಯ ನಂಜೇರಿ ಅಲ್ಲೇ ಸತ್ತವರು.) ಅದೇ ವರ್ಷ ನರ್ಸ್ ಗುವೊ ಚಿಂಗ್‌ಲಾನ್ ಜೊತೆ ಮದುವೆ. 1942ರ ಡಿಸೆಂಬರ್ 9ರಂದು ಮೂರ್ಛೆರೋಗ ಅವರನ್ನು ಒಯ್ದಾಗ ಮಗನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅವರಿಗೆ 32.

ನನಗೀಗ 34. ಮೊನ್ನೆ ಯುದ್ಧ ನಡೆಯುವ ಕಡೆ ಕೆಲಸ ಮಾಡೋ ವೈದ್ಯರಿಗೆ ಅಂತ ಫೋನಲ್ಲೇ 500 ರೂಪಾಯಿ ಕಳಿಸಿದೆ. ಕಳಿಸಿ, ರಸೀದಿಯ ಸ್ಕ್ರೀನ್‌ಶಾಟ್ ಹೆಂಡತಿಗೆ ತೋರಿಸಿದೆ.